ಕಾಯುವ ಹೊತ್ತನ್ನು ಅಳೆದು ವರ್ಕರ್‌ಗಳನ್ನು ಏರಿಸುವ ಜೂಡೋಸ್ಕೇಲ್

ಹೆರೋಕು ಎಂಬ ಕ್ಲೌಡ್ ವೇದಿಕೆಯಲ್ಲಿ ಅಪ್ಲಿಕೇಶನ್ ನಡೆಸುವವರಿಗೆ, ಅದರಲ್ಲೂ ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳೇ, ಅಂದರೆ ಜಾಬ್‌ಗಳೇ, ಹೆಚ್ಚಾಗಿರುವವರಿಗೆ, ಆ ಜಾಬ್‌ಗಳನ್ನು ಮಾಡುವ ವರ್ಕರ್ ಪ್ರಕ್ರಿಯೆಗಳ ಸಂಖ್ಯೆಯನ್ನು ಒತ್ತಡಕ್ಕೆ ತಕ್ಕಂತೆ ತಾನೇ ಏರಿಸಿ ಇಳಿಸುವ ಜೂಡೋಸ್ಕೇಲ್ ಸೇವೆಯನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ತೀರ್ಪನ್ನು ಮೊದಲೇ ಹೇಳಿದ್ದೇನೆ, ಏಕೆಂದರೆ ಮುಂದೆ ಬರುವುದರಲ್ಲಿ ಹೆಚ್ಚಿನದು ಎಚ್ಚರಿಕೆಯ ಮಾತು. ಈ ಸೇವೆ ಒಳ್ಳೆಯದು. ಆದರೆ ಅದನ್ನು ಅಳವಡಿಸುವ ಮುನ್ನ ನಮ್ಮ ಜಾಬ್‌ಗಳನ್ನು ನಾವೇ ಸರಿಯಾಗಿ ಬರೆದಿರಬೇಕು. ಆ ಭಾಗದ ಬಗ್ಗೆ ಕನ್ನಡದಲ್ಲಿ ಓದಲು ನನಗೆ ಏನೂ ಸಿಗಲಿಲ್ಲ. ಹಾಗಾಗಿ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಶಿವಮೊಗ್ಗದ ಚಿಕ್ಕ ತಂಡ. ಖಾಸಗಿ ಶಾಲೆಗಳಿಗೆ ಹಾಜರಾತಿ, ಶುಲ್ಕ ಮತ್ತು ಅಂಕಪಟ್ಟಿಗಳನ್ನು ನೋಡಿಕೊಳ್ಳುವ ತಂತ್ರಾಂಶ ಮಾಡುತ್ತೇವೆ. ರೂಬಿ ಆನ್ ರೈಲ್ಸ್‌ನಲ್ಲಿ ಬರೆದ ಅಪ್ಲಿಕೇಶನ್, ಜಾಬ್‌ಗಳನ್ನು ನಡೆಸಲು ಸೈಡ್‌ಕಿಕ್ ಎಂಬ ಲೈಬ್ರರಿ, ಅವುಗಳ ಪಟ್ಟಿಯನ್ನು ಇಟ್ಟುಕೊಳ್ಳಲು ಅದರ ಹಿಂದೆ ರೆಡಿಸ್ ಎಂಬ ಡೇಟಾ ಸಂಗ್ರಹ. ಶಿಕ್ಷಕರು ಪರದೆಯ ಮೇಲೆ ಗುಂಡಿ ಒತ್ತಿದಾಗ ಕಾಣುವ ಕೆಲಸ ಸಣ್ಣದು. ನಿಜವಾದ ದುಡಿಮೆಯೆಲ್ಲ ಆಮೇಲೆ, ಜಾಬ್‌ಗಳು ಸರದಿಗಾಗಿ ಕಾಯುವ ಕ್ಯೂವಿನಲ್ಲಿ ನಡೆಯುತ್ತದೆ. ಬೆಳಗಿನ ಹಾಜರಾತಿ ಮುಗಿದ ಕೂಡಲೇ ಬಾರದ ಮಕ್ಕಳ ಮನೆಗೆ ಎಸ್‌ಎಂಎಸ್ ಹೋಗಬೇಕು. ಶುಲ್ಕ ಕಟ್ಟಿದವರಿಗೆ ರಸೀದಿ ಹೋಗಬೇಕು. ಪರೀಕ್ಷೆ ಮುಗಿದ ಮೇಲೆ ಸಾವಿರಾರು ಅಂಕಪಟ್ಟಿಗಳು ಪಿಡಿಎಫ್ ಆಗಬೇಕು.

ಈ ಒತ್ತಡದ ಆಕಾರವೇ ವಿಚಿತ್ರ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತೂವರೆಯ ನಡುವೆ ಎಲ್ಲ ಶಾಲೆಗಳೂ ಒಟ್ಟಿಗೆ ಹಾಜರಾತಿ ಹಾಕುತ್ತವೆ. ಶನಿವಾರ ಬೆಳಗಿನ ತರಗತಿ, ಆದ್ದರಿಂದ ಅದೇ ಒತ್ತಡ ಎಂಟು ಗಂಟೆಗೇ ಬರುತ್ತದೆ. ಮಧ್ಯಾಹ್ನದ ಮೇಲೆ ಸದ್ದಿಲ್ಲ. ದಸರಾ ರಜೆಯಲ್ಲಿ ಏನೂ ಇಲ್ಲ. ಏಪ್ರಿಲ್‌ನಲ್ಲಿ ಫಲಿತಾಂಶದ ವಾರ ಸರ್ವರ್‌ಗೆ ಉಸಿರಾಡಲು ಬಿಡುವಿಲ್ಲ. ಅದು ಕಳೆದರೆ ಮೇ ಕೊನೆಯವರೆಗೆ ಪೂರ್ತಿ ಮೌನ. ವರ್ಕರ್‌ಗಳ ಸಂಖ್ಯೆಯನ್ನು ಒಂದೇ ಅಂಕಿಗೆ ಕಟ್ಟಿಹಾಕಿದರೆ ಎರಡೇ ದಾರಿ: ಫಲಿತಾಂಶದ ವಾರಕ್ಕೆ ಸಾಕಾಗುವಷ್ಟನ್ನು ಇಟ್ಟುಕೊಂಡು ವರ್ಷಪೂರ್ತಿ ಬಾಡಿಗೆ ಕಟ್ಟುವುದು, ಇಲ್ಲವೇ ಕಡಿಮೆ ಇಟ್ಟುಕೊಂಡು ಪೋಷಕರನ್ನು ಕಾಯಿಸುವುದು. ಮಗು ಶಾಲೆ ತಲುಪಿಲ್ಲ ಎಂಬ ಸಂದೇಶ ಹನ್ನೊಂದೂವರೆಗೆ ಬಂದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. "ಮೇಡಂ, ಇನ್ನೂ ಸಂದೇಶ ಹೋಗಿಲ್ಲವಂತೆ, ಪೋಷಕರು ಕೇಳುತ್ತಿದ್ದಾರೆ" ಎಂದು ಶಾಲೆಯ ಗುಮಾಸ್ತರು ಫೋನ್ ಮಾಡಿದಾಗ ಉತ್ತರ ಹೇಳಬೇಕಾದವಳು ನಾನು.

ಲೆಕ್ಕ ನೋಡಿ. ಒಂದು ಅಂಕಪಟ್ಟಿಗೆ ನಾಲ್ಕು ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳೋಣ. 12,000 ಅಂಕಪಟ್ಟಿಗಳೆಂದರೆ 48,000 ಸೆಕೆಂಡ್. ಒಂದಾದ ಮೇಲೊಂದು ಮಾಡಿದರೆ 13 ಗಂಟೆ 20 ನಿಮಿಷ. ಹೆರೋಕು ಬಾಡಿಗೆಗೆ ಕೊಡುವ ಒಂದೊಂದು ಪುಟ್ಟ ಸರ್ವರ್‌ಗೆ ಡೈನೋ ಎಂದು ಹೆಸರು. ತಲಾ ಎರಡು ಜಾಬ್ ಒಟ್ಟಿಗೆ ನಡೆಸುವ ಎಂಟು ಡೈನೋಗಳಿದ್ದರೆ 50 ನಿಮಿಷದಲ್ಲಿ ಮುಗಿಯುತ್ತದೆ. ನಾವು ಬಳಸುವ ಸ್ಟ್ಯಾಂಡರ್ಡ್ 2ಎಕ್ಸ್ ಡೈನೋಗೆ ತಿಂಗಳಿಗೆ 50 ಡಾಲರ್, ಅಂದರೆ ಗಂಟೆಗೆ ಸುಮಾರು 7 ಸೆಂಟ್. ಹೆರೋಕು ಸೆಕೆಂಡಿನ ಲೆಕ್ಕದಲ್ಲಿ ಹಣ ಹಿಡಿಯುವುದರಿಂದ ಎಂಟು ಡೈನೋಗಳನ್ನು ಆ 50 ನಿಮಿಷ ಮಾತ್ರ ನಡೆಸಿದರೆ ಅರ್ಧ ಡಾಲರಿಗಿಂತ ಕಡಿಮೆ. ತಿಂಗಳಿಡೀ ಇಟ್ಟುಕೊಂಡರೆ 400 ಡಾಲರ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟ ಮೇಲೆ ನಮ್ಮ ತಂಡದಲ್ಲಿ ಚರ್ಚೆ ಬೇಕಾಗಲಿಲ್ಲ.

ಹಾಗಾದರೆ ಹೆರೋಕುವೇ ಇದನ್ನು ಮಾಡುವುದಿಲ್ಲವೇ ಎಂದು ಕೇಳಬಹುದು. 2007ರಲ್ಲಿ ಆರಂಭವಾಗಿ 2010ರಲ್ಲಿ ಸೇಲ್ಸ್‌ಫೋರ್ಸ್‌ನ ಪಾಲಾದ ಈ ವೇದಿಕೆಗೆ ಡೈನೋಗಳ ಸಂಖ್ಯೆಯನ್ನು ತಾನಾಗಿ ಏರಿಸಿ ಇಳಿಸುವ ತನ್ನದೇ ಆಟೋಸ್ಕೇಲಿಂಗ್ ಇದೆ. ಆದರೆ ಅದು ಬಳಕೆದಾರರ ವಿನಂತಿಗಳಿಗೆ ಉತ್ತರಿಸುವ ವೆಬ್ ಡೈನೋಗಳಿಗೆ ಮಾತ್ರ, ಅದೂ ಪರ್ಫಾರ್ಮೆನ್ಸ್ ದರ್ಜೆಯ ದುಬಾರಿ ಡೈನೋಗಳಿಗೆ ಮತ್ತು ಪ್ರೈವೇಟ್ ಸ್ಪೇಸ್ ಎಂಬ ಪ್ರತ್ಯೇಕ ಜಾಲಗಳಿಗೆ. ವೆಬ್ ವಿನಂತಿಗಳೆಲ್ಲ ಹೆರೋಕುವಿನ ರೌಟರ್ ಮೂಲಕವೇ ಹಾದುಹೋಗುವುದರಿಂದ ಉತ್ತರಕ್ಕೆ ಎಷ್ಟು ಹೊತ್ತಾಯಿತು ಎಂಬುದು ಅದಕ್ಕೆ ಗೊತ್ತು. ಆ ಹೊತ್ತನ್ನು ನೋಡಿಕೊಂಡೇ ಅದು ಸಂಖ್ಯೆಯನ್ನು ಏರಿಸುತ್ತದೆ. ವರ್ಕರ್‌ಗಳ ಕಥೆ ಬೇರೆ. ಕ್ಯೂ ಇರುವುದು ನಮ್ಮ ರೆಡಿಸ್ ಒಳಗೆ, ಅದರ ರಚನೆ ಸೈಡ್‌ಕಿಕ್‌ಗೆ ಗೊತ್ತು, ಹೆರೋಕುವಿಗೆ ಅದೊಂದು ಮುಚ್ಚಿದ ಪೆಟ್ಟಿಗೆ. ಅಪ್ಲಿಕೇಶನ್ನಿನ ಒಳಗೇ ಕುಳಿತು ನೋಡುವವರು ಯಾರಾದರೂ ಬೇಕು.

ಜೂಡೋಸ್ಕೇಲ್ ಮಾಡುವುದು ಅದನ್ನೇ. ಹಿಂದೆ ಇದರ ಹೆಸರು ರೈಲ್ಸ್ ಆಟೋಸ್ಕೇಲ್. ಈಗ ಪೈಥಾನ್ ಮತ್ತು ನೋಡ್ ಬಳಸುವವರಿಗೂ ಸಿಗುತ್ತದೆ. ಹೆರೋಕುವಿನಲ್ಲಿ ಆಡ್‌ಆನ್ ಆಗಿ ಸೇರಿಸಿ, ಅದರ ಅಡಾಪ್ಟರ್ ಜೆಮ್ ಅನ್ನು (ರೂಬಿ ಲೈಬ್ರರಿ) ಅಪ್ಲಿಕೇಶನ್ನಿಗೆ ಹಾಕಿ, ಮತ್ತೆ ಡಿಪ್ಲಾಯ್ ಮಾಡಿದರೆ, ಅಂದರೆ ಹೊಸ ಕೋಡನ್ನು ಸರ್ವರ್‌ಗೆ ಕಳಿಸಿದರೆ, ಅಳವಡಿಕೆ ಮುಗಿಯಿತು. ಅಡಾಪ್ಟರ್ ಕೆಲವು ಸೆಕೆಂಡಿಗೊಮ್ಮೆ ಕ್ಯೂಗಳನ್ನು ನೋಡಿ ಅಳತೆಯನ್ನು ತನ್ನ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿಂದ ಹೆರೋಕುವಿಗೆ ಡೈನೋಗಳನ್ನು ಏರಿಸು, ಇಳಿಸು ಎಂಬ ಸೂಚನೆ ಹೋಗುತ್ತದೆ. ಮಕ್ಕಳ ಹೆಸರು, ಪೋಷಕರ ಫೋನ್ ಸಂಖ್ಯೆ ಜಾಬ್‌ಗಳ ಒಳಗಿರುತ್ತವಲ್ಲ, ಅವೂ ಹೊರಗೆ ಹೋಗುತ್ತವೆಯೇ ಎಂಬುದು ನನ್ನ ಮೊದಲ ಆತಂಕವಾಗಿತ್ತು. ಅಡಾಪ್ಟರ್‌ನ ಕೋಡ್ ಯಾರಾದರೂ ಓದುವಂತೆ ತೆರೆದಿದೆ. ಓದಿದೆ. ಹೋಗುವುದು ಕ್ಯೂವಿನ ಹೆಸರು ಮತ್ತು ಅಂಕಿಗಳು. ಜಾಬ್‌ನ ಒಳಗಿನ ವಿವರ ಹೋಗುವುದಿಲ್ಲ. ಶಾಲೆಗಳಿಗೆ ಇದನ್ನು ಬರೆದು ಕೊಡಬೇಕಾಗಿ ಬಂದಾಗ ಧೈರ್ಯವಾಗಿ ಬರೆದುಕೊಟ್ಟೆ.

ಈಗ ಈ ಸೇವೆಯ ತಿರುಳಿಗೆ ಬರುತ್ತೇನೆ. ವರ್ಕರ್‌ಗಳನ್ನು ಯಾವ ಅಳತೆ ನೋಡಿ ಏರಿಸಬೇಕು? ಹಲವು ಕ್ಲೌಡ್ ವೇದಿಕೆಗಳು ಮೊದಲು ಮುಂದಿಡುವುದು ಸಿಪಿಯು ಬಳಕೆಯನ್ನು. ಎಸ್‌ಎಂಎಸ್ ಕಳಿಸುವ ವರ್ಕರ್ ಹೆಚ್ಚಿನ ಹೊತ್ತು ಆಚೆಯ ಸರ್ವರ್‌ನ ಉತ್ತರಕ್ಕಾಗಿ ಸುಮ್ಮನೆ ಕಾಯುತ್ತಿರುತ್ತದೆ. ಕ್ಯೂವಿನಲ್ಲಿ ನಾಲ್ಕು ಸಾವಿರ ಸಂದೇಶ ನಿಂತಿದ್ದರೂ ಅದರ ಸಿಪಿಯು ತಣ್ಣಗೇ ಇರುತ್ತದೆ. ಸಿಪಿಯು ನಂಬಿ ಕುಳಿತರೆ ಹೊಸ ಡೈನೋ ಏಳುವುದೇ ಇಲ್ಲ. ಎರಡನೆಯ ಅಳತೆ ಕ್ಯೂವಿನ ಉದ್ದ. ಇದು ವಾಸಿ, ಆದರೆ ಇದೂ ದಾರಿ ತಪ್ಪಿಸುತ್ತದೆ. ಹತ್ತನೇ ಒಂದು ಸೆಕೆಂಡಿನಲ್ಲಿ ಮುಗಿಯುವ 5,000 ಜಾಬ್‌ಗಳೆಂದರೆ ಒಟ್ಟು 500 ಸೆಕೆಂಡಿನ ಕೆಲಸ. ತಲಾ 20 ಸೆಕೆಂಡ್ ಹಿಡಿಯುವ 50 ಜಾಬ್‌ಗಳೆಂದರೆ 1,000 ಸೆಕೆಂಡಿನ ಕೆಲಸ. ಉದ್ದ ನೋಡಿದವರಿಗೆ ಮೊದಲನೆಯದು ಪ್ರಳಯ, ಎರಡನೆಯದು ಲೆಕ್ಕಕ್ಕಿಲ್ಲ.

ಜೂಡೋಸ್ಕೇಲ್ ಆರಿಸಿಕೊಂಡಿರುವುದು ಮೂರನೆಯ ಅಳತೆಯನ್ನು: ಕ್ಯೂವಿನ ತುದಿಯಲ್ಲಿರುವ ಅತ್ಯಂತ ಹಳೆಯ ಜಾಬ್ ಎಷ್ಟು ಹೊತ್ತಿನಿಂದ ಕಾಯುತ್ತಿದೆ? ಸೈಡ್‌ಕಿಕ್ ಇದನ್ನು ತಾನೇ ಲೆಕ್ಕ ಹಾಕಿ ಕೊಡುತ್ತದೆ, ಲೇಟೆನ್ಸಿ ಎಂಬ ಹೆಸರಿನಲ್ಲಿ. ಪೋಷಕರಿಗೆ ಬೇಕಾಗಿರುವುದೂ ಇದೇ. ಅವರ ಮುಂದೆ ಎಷ್ಟು ಸಂದೇಶಗಳಿವೆ ಎಂಬುದು ಅವರಿಗೆ ಮುಖ್ಯವಲ್ಲ, ತಮ್ಮ ಸಂದೇಶ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಮುಖ್ಯ. ಶಾಲೆಯವರಿಗೆ ನಾನು ಕೊಡುವ ಮಾತು "ಎರಡು ನಿಮಿಷದೊಳಗೆ" ಎಂದಾದರೆ, ಯಂತ್ರಕ್ಕೆ ಕೊಡುವ ಆಜ್ಞೆಯೂ ಅದೇ ಮಾತಿನಲ್ಲಿರಬೇಕು. ಈ ಒಂದು ಆಯ್ಕೆಗಾಗಿ ಈ ಸೇವೆಯ ಮೇಲೆ ನನಗೆ ಗೌರವ.

ಆ ಮಾತನ್ನು ಪಾಲಿಸಬೇಕೆಂದರೆ ಕ್ಯೂಗಳನ್ನು ವಿಂಗಡಿಸುವ ಬಗೆಯನ್ನೇ ಬದಲಿಸಬೇಕಾಗುತ್ತದೆ. ನಮ್ಮಲ್ಲಿ ಮೊದಲು ಕ್ಯೂಗಳಿಗೆ ವಿಷಯದ ಹೆಸರುಗಳಿದ್ದವು: ಸಂದೇಶ, ರಸೀದಿ, ವರದಿ. ಈಗ ಅವು ಎಷ್ಟು ತಡವನ್ನು ಸಹಿಸಬಲ್ಲವು ಎಂಬುದರ ಮೇಲೆ ಹೆಸರಿಟ್ಟಿದ್ದೇವೆ: ಮೂವತ್ತು ಸೆಕೆಂಡಿನೊಳಗೆ, ಐದು ನಿಮಿಷದೊಳಗೆ, ಒಂದು ಗಂಟೆಯೊಳಗೆ. ರೈಲ್ಸ್ ಬಳಸುವವರಲ್ಲಿ ಈ ಪದ್ಧತಿ ಸಾಕಷ್ಟು ಬಳಕೆಯಲ್ಲಿದೆ. ಹೊಸ ಜಾಬ್ ಬರೆಯುವ ಹುಡುಗ ಹುಡುಗಿಯರು ಈಗ ಮೊದಲು ಕೇಳಿಕೊಳ್ಳುವ ಪ್ರಶ್ನೆಯೇ ಬದಲಾಗಿದೆ. ಯಾವ ಪ್ರಕ್ರಿಯೆಗಳನ್ನು ನಡೆಸಬೇಕೆಂದು ಹೆರೋಕುವಿಗೆ ಹೇಳುವ ಪ್ರಾಕ್‌ಫೈಲ್‌ನಲ್ಲಿ ಎರಡು ಬಗೆಯ ವರ್ಕರ್‌ಗಳಿವೆ. ಚುರುಕಿನದು ಎಸ್‌ಎಂಎಸ್ ಮತ್ತು ರಸೀದಿಗಳನ್ನು ನೋಡಿಕೊಳ್ಳುತ್ತದೆ, ಹತ್ತು ಥ್ರೆಡ್‌ಗಳಲ್ಲಿ, ಅಂದರೆ ಒಮ್ಮೆಗೆ ಹತ್ತು ಜಾಬ್. ನಿಧಾನದ್ದು ಅಂಕಪಟ್ಟಿಗಳದ್ದು, ಎರಡೇ ಥ್ರೆಡ್. ಪ್ರತಿಯೊಂದಕ್ಕೂ ಬೇರೆ ಮಿತಿ, ಬೇರೆ ಕನಿಷ್ಠ, ಬೇರೆ ಗರಿಷ್ಠ. ಇವೆರಡನ್ನೂ ಒಂದೇ ಬಗೆಯ ಡೈನೋದಲ್ಲಿ ಕಲಸಿದರೆ ಅಂಕಪಟ್ಟಿಗಳ ಹಿಂದೆ ಎಸ್‌ಎಂಎಸ್ ಸಿಕ್ಕಿಹಾಕಿಕೊಳ್ಳುತ್ತದೆ, ಎಷ್ಟು ಆಟೋಸ್ಕೇಲಿಂಗ್ ಇದ್ದರೂ.

ಅಂಕಪಟ್ಟಿಗೆ ಎರಡೇ ಥ್ರೆಡ್ ಏಕೆ ಎಂಬುದಕ್ಕೆ ಕಾರಣ ನಮ್ಮ ಲಿಪಿ. ರೂಬಿಯಲ್ಲಿ ಪಿಡಿಎಫ್ ಬರೆಯಲು ಪ್ರಾನ್ ಎಂಬ ಹಗುರವಾದ ಲೈಬ್ರರಿ ಇದೆ. ಆದರೆ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಶಕ್ತಿ ಅದಕ್ಕಿಲ್ಲ. "ಲಕ್ಷ್ಮೀ" ಎಂಬ ಹೆಸರು ಅದರಲ್ಲಿ ಒಡೆದುಹೋಗುತ್ತದೆ. ಮಗುವಿನ ಹೆಸರು ಅಂಕಪಟ್ಟಿಯಲ್ಲಿ ಒಡೆದು ಕಾಣುವುದನ್ನು ನಾನು ಒಪ್ಪಲಾರೆ. ಹಾಗಾಗಿ ಪರದೆಯಿಲ್ಲದ ಕ್ರೋಮ್ ಅನ್ನು ಡೈನೋದೊಳಗೇ ಓಡಿಸಿ, ಕನ್ನಡ ಫಾಂಟನ್ನು ಅಪ್ಲಿಕೇಶನ್ ಜೊತೆಗೇ ಕಟ್ಟಿಕೊಂಡು, ಪುಟವನ್ನು ಪಿಡಿಎಫ್ ಮಾಡಿಸುತ್ತೇವೆ. ಅಕ್ಷರ ಸುಂದರವಾಗಿ ಮೂಡುತ್ತದೆ, ಮೆಮೊರಿ ಕರಗುತ್ತದೆ. 512 ಎಂಬಿ ಇರುವ ಸ್ಟ್ಯಾಂಡರ್ಡ್ 1ಎಕ್ಸ್‌ನಲ್ಲಿ ಇದು ಏದುಸಿರು ಬಿಡುತ್ತದೆ. ಲಾಗ್‌ನಲ್ಲಿ ಆರ್14 ಎಂಬ ಮೆಮೊರಿ ದೋಷದ ಸಾಲುಗಳು ಬರತೊಡಗುತ್ತವೆ. 1 ಜಿಬಿಯ 2ಎಕ್ಸ್‌ನಲ್ಲಿ ಎರಡು ಜಾಬ್‌ಗಳು ಒಟ್ಟಿಗೆ ನಿರಾಳವಾಗಿ ನಡೆಯುತ್ತವೆ. ಡೈನೋಗಳನ್ನು ಅಡ್ಡಡ್ಡಲಾಗಿ ಹೆಚ್ಚಿಸುವ ಮೊದಲು ಒಂದು ಡೈನೋದೊಳಗೆ ಎಷ್ಟು ಹಿಡಿಯುತ್ತದೆ ಎಂದು ನೋಡಿಕೊಳ್ಳುವುದು ಅಗತ್ಯ. ಉಸಿರುಗಟ್ಟಿದ ಒಂದು ಡೈನೋವನ್ನು ಎಂಟು ಮಾಡಿದರೆ ಉಸಿರುಗಟ್ಟಿದ ಎಂಟು ಡೈನೋಗಳಾಗುತ್ತವೆ.

ಏರುವ ಬಗ್ಗೆ ನನಗೆ ತೃಪ್ತಿಯಿದೆ. ಮಿತಿ ದಾಟಿದ್ದು ತಿಳಿಯಲು ಕೆಲವು ಸೆಕೆಂಡ್, ಹೊಸ ಡೈನೋ ಎದ್ದು ರೈಲ್ಸ್ ಲೋಡ್ ಆಗಲು ಅರ್ಧ ನಿಮಿಷದ ಮೇಲೆ. ಒಟ್ಟಿನಲ್ಲಿ ಒಂದು ನಿಮಿಷದ ಆಸುಪಾಸಿನಲ್ಲಿ ಹೆಚ್ಚುವರಿ ಕೈಗಳು ಸಿಗುತ್ತವೆ. ಮೂವತ್ತು ಸೆಕೆಂಡಿನ ಮಾತು ಕೊಟ್ಟ ಕ್ಯೂವಿಗೆ ಒಂದು ನಿಮಿಷವೂ ತಡವೇ. ಅದಕ್ಕೆ ಜೂಡೋಸ್ಕೇಲ್‌ನಲ್ಲಿ ವೇಳಾಪಟ್ಟಿಯ ಸೌಲಭ್ಯವಿದೆ: ಇಂತಹ ದಿನ, ಇಂತಹ ಹೊತ್ತಿನಲ್ಲಿ ಕನಿಷ್ಠ ಇಷ್ಟು ಡೈನೋ ಇರಲಿ ಎಂದು ಮೊದಲೇ ಹೇಳಿಡಬಹುದು. ಒಂಬತ್ತೂವರೆಗೆ ಒತ್ತಡ ಬರುತ್ತದೆ ಎಂದು ಗೊತ್ತೇ ಇರುವಾಗ ಅದು ಬಂದ ಮೇಲೆ ಓಡುವುದೇಕೆ? ವಾರದ ದಿನಗಳಿಗೆ ಒಂದು, ಶನಿವಾರಕ್ಕೆ ಇನ್ನೊಂದು ವೇಳಾಪಟ್ಟಿ ಹಾಕಿದ್ದೇವೆ. ಯಾವ ಶಾಲೆಯಾದರೂ ಹೊತ್ತಲ್ಲದ ಹೊತ್ತಿನಲ್ಲಿ ಏನಾದರೂ ಮಾಡಿದರೆ ಅದನ್ನು ಆಟೋಸ್ಕೇಲಿಂಗ್ ನೋಡಿಕೊಳ್ಳುತ್ತದೆ. ಇವೆರಡೂ ಸೇರಿದಾಗ ಮಾತ್ರ ಕೊಟ್ಟ ಮಾತು ಉಳಿಯುತ್ತದೆ.

ಕಷ್ಟವಿರುವುದು ಇಳಿಯುವುದರಲ್ಲಿ. ಆಟೋಸ್ಕೇಲಿಂಗ್ ಬಗ್ಗೆ ಬರೆಯುವವರು ಏರುವ ಗ್ರಾಫನ್ನು ತೋರಿಸಿ ಮುಗಿಸುತ್ತಾರೆ. ಇಳಿಯುವಾಗ ಏನಾಗುತ್ತದೆ ಎಂದು ಹೇಳುವವರು ಕಡಿಮೆ.

ಹೆರೋಕುವಿನಲ್ಲಿ ಐದು ವರ್ಕರ್‌ಗಳನ್ನು ನಾಲ್ಕಕ್ಕೆ ಇಳಿಸಿದರೆ ಹೋಗುವುದು ಐದನೆಯದು, ಅದು ಆಗ ಬಿಡುವಾಗಿದೆಯೋ ಕೆಲಸದ ನಡುವೆ ಇದೆಯೋ ಎಂದು ಯಾರೂ ಕೇಳುವುದಿಲ್ಲ. ಒಂದನೆಯದು ಖಾಲಿ ಕುಳಿತಿದ್ದು ಐದನೆಯದು ಅಂಕಪಟ್ಟಿ ಬರೆಯುತ್ತಿದ್ದರೂ ಹೊರಡಬೇಕಾದ್ದು ಐದನೆಯದೇ. ಅದಕ್ಕೆ ಮೊದಲು ಕೆಲಸ ಮುಗಿಸಿ ಹೊರಡು ಎನ್ನುವ ಸಿಗ್‌ಟರ್ಮ್ ಸಂಕೇತ ಹೋಗುತ್ತದೆ, 30 ಸೆಕೆಂಡಿನ ಗಡುವು ಸಿಗುತ್ತದೆ, ಅಷ್ಟರಲ್ಲಿ ಮುಗಿಸದಿದ್ದರೆ ಬಲವಂತವಾಗಿ ನಿಲ್ಲಿಸುವ ಸಿಗ್‌ಕಿಲ್. ಸೈಡ್‌ಕಿಕ್ ಇದನ್ನು ಅರಿತೇ ತನ್ನ ಗಡುವನ್ನು 25 ಸೆಕೆಂಡಿಗೆ ಇಟ್ಟುಕೊಂಡಿದೆ: ಹೊಸ ಜಾಬ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಕೈಯಲ್ಲಿರುವುದನ್ನು ಮುಗಿಸಲು ನೋಡಿ, ಮುಗಿಯದ್ದನ್ನು ರೆಡಿಸ್‌ಗೆ ಹಿಂದಿರುಗಿಸುತ್ತದೆ. ಹಿಂದಿರುಗಿದ ಜಾಬ್ ಬೇರೊಂದು ಡೈನೋದಲ್ಲಿ ಮೊದಲಿನಿಂದ ಆರಂಭವಾಗುತ್ತದೆ.

ಆ "ಮೊದಲಿನಿಂದ" ಎಂಬುದನ್ನು ಗಮನಿಸಿ. ಒಂದು ಶಾಲೆಯ ಎಲ್ಲ ಅಂಕಪಟ್ಟಿಗಳನ್ನೂ ಒಂದೇ ಜಾಬ್‌ನಲ್ಲಿ ಬರೆಯುವಂತಿದ್ದರೆ, ನಾನೂರನೆಯದರಲ್ಲಿ ಡೈನೋ ಹೋದಾಗ ಮತ್ತೆ ಒಂದರಿಂದ ಶುರು. ಎಸ್‌ಎಂಎಸ್ ಆಗಿದ್ದರೆ ಇನ್ನೂ ಕೆಟ್ಟದ್ದು: ಮುನ್ನೂರು ಮನೆಗಳಿಗೆ ಎರಡನೆಯ ಬಾರಿ ಸಂದೇಶ. ಕನ್ನಡದ ಒಂದು ಎಸ್‌ಎಂಎಸ್‌ನಲ್ಲಿ ಹೆಚ್ಚೆಂದರೆ 70 ಅಕ್ಷರ ಹಿಡಿಯುವುದರಿಂದ ನಮ್ಮ ಸಂದೇಶಗಳು ಎರಡು ಮೂರು ಭಾಗಗಳಾಗಿ ಹೋಗುತ್ತವೆ, ಖರ್ಚೂ ಅಷ್ಟು ಪಟ್ಟು. ಹಣಕ್ಕಿಂತ ಹೆಚ್ಚಾಗಿ, ಮಗು ಶಾಲೆಗೆ ಬಂದಿಲ್ಲ ಎಂಬ ಸಂದೇಶವನ್ನು ಎರಡು ಬಾರಿ ಓದುವ ತಾಯಿಯ ಗಾಬರಿಯನ್ನು ಯೋಚಿಸಿ. ಆದ್ದರಿಂದ ಒಂದು ಅಂಕಪಟ್ಟಿಗೆ ಒಂದು ಜಾಬ್, ಒಂದು ಸಂದೇಶಕ್ಕೆ ಒಂದು ಜಾಬ್. ಕಳಿಸುವ ಮುನ್ನ ಈ ಮಗುವಿಗೆ ಈ ದಿನದ ಸಂದೇಶ ಆಗಲೇ ಹೋಗಿದೆಯೇ ಎಂದು ಡೇಟಾಬೇಸ್‌ನಲ್ಲಿ ನೋಡುವುದು ಕಡ್ಡಾಯ. ಒಡೆಯಲಾಗದಷ್ಟು ಉದ್ದದ ಜಾಬ್‌ಗಳಿದ್ದರೆ ಸೈಡ್‌ಕಿಕ್ 7.3ರಲ್ಲಿ ಬಂದ ಇಟರೇಷನ್ ಸೌಲಭ್ಯ ನಿಲ್ಲಿಸಿದ ಜಾಗದಿಂದ ಮುಂದುವರಿಸಲು ನೆರವಾಗುತ್ತದೆ. ಹೆರೋಕು ಹೇಗಿದ್ದರೂ ಪ್ರತಿ ಡೈನೋವನ್ನು ದಿನಕ್ಕೊಮ್ಮೆ ಮರುಚಾಲನೆ ಮಾಡುತ್ತದೆ, ಪ್ರತಿ ಡಿಪ್ಲಾಯ್‌ನಲ್ಲೂ ಇದೇ ಆಗುತ್ತದೆ. ಆಟೋಸ್ಕೇಲಿಂಗ್ ಹೊಸ ಅಪಾಯವನ್ನೇನೂ ತರುವುದಿಲ್ಲ. ದಿನಕ್ಕೊಮ್ಮೆ ಇದ್ದುದನ್ನು ಗಂಟೆಗೊಮ್ಮೆ ಮಾಡುತ್ತದೆ.

ಇಳಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ, ಇದನ್ನು ಕಾಯುವ ಹೊತ್ತಿನ ಅಳತೆಯ ದೌರ್ಬಲ್ಯವೆಂದೇ ಹೇಳಬೇಕು. ಕ್ಯೂವಿನಲ್ಲಿದ್ದ ಕೊನೆಯ ಜಾಬ್ ಅನ್ನು ಯಾವುದೋ ವರ್ಕರ್ ಎತ್ತಿಕೊಂಡ ಕ್ಷಣ ಕ್ಯೂ ಖಾಲಿ, ಲೇಟೆನ್ಸಿ ಸೊನ್ನೆ. ಆದರೆ ಹದಿನಾರು ಜಾಬ್‌ಗಳು ಆ ಹೊತ್ತಿನಲ್ಲಿ ಇನ್ನೂ ನಡೆಯುತ್ತಿರುತ್ತವೆ. ಅಳತೆ ಸೊನ್ನೆ ಎಂದ ಮಾತ್ರಕ್ಕೆ ಇಳಿಸತೊಡಗಿದರೆ ದುಡಿಯುತ್ತಿರುವವರನ್ನೇ ಎಬ್ಬಿಸಿದಂತೆ. ಜೂಡೋಸ್ಕೇಲ್ ಇದಕ್ಕೆ ಪರಿಹಾರ ಇಟ್ಟಿದೆ: ನಡೆಯುತ್ತಿರುವ ಜಾಬ್‌ಗಳನ್ನೂ ಎಣಿಸಿ, ಅವು ಇರುವವರೆಗೆ ಇಳಿಸದಂತೆ ತಡೆಯುವ ಆಯ್ಕೆ. ನಿಧಾನದ ವರ್ಕರ್‌ಗಳಿಗೆ ಇದನ್ನು ಹಾಕಿಕೊಳ್ಳಲೇಬೇಕು. ಚುರುಕಿನವಕ್ಕೆ ಬೇಡ, ಅಲ್ಲಿ ಸದಾ ಒಂದಲ್ಲ ಒಂದು ಜಾಬ್ ನಡೆಯುತ್ತಲೇ ಇರುವುದರಿಂದ ಇಳಿಯುವ ಅವಕಾಶವೇ ಸಿಗದೆ ಹೋಗಬಹುದು.

ಗರಿಷ್ಠ ಮಿತಿ ಎಷ್ಟಿರಬೇಕು ಎಂಬ ಪ್ರಶ್ನೆಗೆ ಹೆಚ್ಚಿನವರು ತಮ್ಮ ಬಜೆಟ್ ನೋಡುತ್ತಾರೆ. ನೋಡಬೇಕಾದ್ದು ಡೇಟಾಬೇಸ್ ಅನ್ನು. ಮದುವೆ ಮನೆಯಲ್ಲಿ ಬಡಿಸುವವರನ್ನು ಎಷ್ಟು ಹೆಚ್ಚಿಸಿದರೂ ಅಡುಗೆಮನೆಯ ಬಾಗಿಲು ಒಂದೇ. ಹೆರೋಕು ಪೋಸ್ಟ್‌ಗ್ರೆಸ್‌ನ ಸ್ಟ್ಯಾಂಡರ್ಡ್ 0 ಯೋಜನೆಯಲ್ಲಿ 120 ಸಂಪರ್ಕಗಳಿಗೆ ಮಾತ್ರ ಜಾಗ. ಅಗ್ಗದ ಎಸೆನ್ಷಿಯಲ್ 0 ಆದರೆ ಇಪ್ಪತ್ತೇ. ಪ್ರತಿ ಥ್ರೆಡ್‌ಗೆ ಒಂದು ಸಂಪರ್ಕ ಬೇಕು. ಚುರುಕಿನ ವರ್ಕರ್‌ಗಳು ಆರು, ತಲಾ ಹತ್ತು: ಅರವತ್ತು. ನಿಧಾನದವು ಎಂಟು, ತಲಾ ಎರಡು: ಹದಿನಾರು. ವೆಬ್ ಡೈನೋಗಳು ಎರಡು, ತಲಾ ಎರಡು ಪ್ರಕ್ರಿಯೆ, ಪ್ರತಿಯೊಂದರಲ್ಲಿ ಐದು ಥ್ರೆಡ್: ಇಪ್ಪತ್ತು. ಒಟ್ಟು 96. ಉಳಿದ 24 ಡಿಪ್ಲಾಯ್ ಹೊತ್ತಿನಲ್ಲಿ ಹಳೆಯದೂ ಹೊಸದೂ ಒಟ್ಟಿಗೆ ಇರುವ ಕ್ಷಣಗಳಿಗೆ, ಕನ್ಸೋಲ್ ತೆರೆದು ನೋಡುವುದಕ್ಕೆ. ನಮ್ಮ ಆರು ಮತ್ತು ಎಂಟು ಎಂಬ ಗರಿಷ್ಠಗಳು ಬಂದಿದ್ದು ಹೀಗೆ. ರೆಡಿಸ್‌ಗೂ ಇಂಥದೇ ಸಂಪರ್ಕ ಮಿತಿ ಇರುತ್ತದೆ, ಅದನ್ನೂ ಕೂಡಿ ನೋಡಿಕೊಳ್ಳಿ.

ಹೊರಗಿನ ಸೇವೆಗಳ ಮಿತಿ ಇನ್ನೊಂದು. ನಾವು ಬಳಸುವ ಎಸ್‌ಎಂಎಸ್ ಸೇವೆಯವರು ಸೆಕೆಂಡಿಗೆ ಇಂತಿಷ್ಟು ವಿನಂತಿಗಳನ್ನು ಮಾತ್ರ ಸ್ವೀಕರಿಸುತ್ತಾರೆ. ಮೀರಿದರೆ 429, ಅಂದರೆ ವಿನಂತಿಗಳು ಅತಿಯಾದವು, ಎಂಬ ಉತ್ತರ ಬರುತ್ತದೆ. ಆಗ ಜಾಬ್ ಸೋಲುತ್ತದೆ, ಸೈಡ್‌ಕಿಕ್ ಅದನ್ನು ಮರುಪ್ರಯತ್ನದ ಪಟ್ಟಿಗೆ ಹಾಕುತ್ತದೆ, ಅದು ತಿರುಗಿ ಕ್ಯೂವಿಗೆ ಬರುತ್ತದೆ, ಕ್ಯೂ ಬೆಳೆದದ್ದನ್ನು ಕಂಡು ಇನ್ನೊಂದು ಡೈನೋ ಏಳುತ್ತದೆ, ಅದು ಇನ್ನಷ್ಟು ವಿನಂತಿ ಕಳಿಸಿ ಇನ್ನಷ್ಟು 429 ತರುತ್ತದೆ. ಹಣ ಖರ್ಚಾಗುತ್ತಾ ಹೋಗುತ್ತದೆ, ಸಂದೇಶ ಹೋಗುವ ವೇಗ ಹೆಚ್ಚುವುದಿಲ್ಲ. ಆಟೋಸ್ಕೇಲಿಂಗ್‌ಗೆ ಕಾಣುವುದು ಕಾಯುವ ಹೊತ್ತು ಮಾತ್ರ, ಅದರ ಕಾರಣ ಕಾಣುವುದಿಲ್ಲ. ಎಸ್‌ಎಂಎಸ್ ಜಾಬ್‌ಗೆ ನಾವೇ ವೇಗದ ಮಿತಿ ಹಾಕಿ, ಆ ಮಿತಿಗೆ ಸರಿಹೊಂದುವಷ್ಟೇ ಥ್ರೆಡ್‌ಗಳನ್ನು ಕೊಟ್ಟ ಮೇಲೆ ಈ ಸುಳಿ ನಿಂತಿತು. ಸೈಡ್‌ಕಿಕ್ ಸುಮ್ಮನೆ ಬಿಟ್ಟರೆ ಸೋತ ಜಾಬ್ ಅನ್ನು 25 ಬಾರಿ, ಸುಮಾರು ಮೂರು ವಾರಗಳವರೆಗೆ ಪ್ರಯತ್ನಿಸುತ್ತಲೇ ಇರುತ್ತದೆ. ಹಾಜರಾತಿಯ ಸಂದೇಶಕ್ಕೆ ಅದು ಸಲ್ಲದು. ನಮ್ಮಲ್ಲಿ ಮಧ್ಯಾಹ್ನ ದಾಟಿದ ಮೇಲೆ ಅಂತಹ ಜಾಬ್ ತಾನೇ ಕೈಬಿಡುತ್ತದೆ.

ಬೇಸಿಗೆ ರಜೆಯಲ್ಲಿ ವರ್ಕರ್‌ಗಳನ್ನು ಸೊನ್ನೆಗೆ ಇಳಿಸಿಬಿಡಬಹುದಲ್ಲ ಎಂಬ ಆಸೆ ಯಾರಿಗೂ ಬರುತ್ತದೆ. ಜೂಡೋಸ್ಕೇಲ್ ಅದಕ್ಕೆ ಅವಕಾಶ ಕೊಡುತ್ತದೆ. ವೆಬ್ ಪ್ರಕ್ರಿಯೆಯೊಳಗಿನ ಅಡಾಪ್ಟರ್ ಕ್ಯೂವನ್ನು ನೋಡುತ್ತಿರುವುದರಿಂದ ಜಾಬ್ ಬಂದ ಕೂಡಲೇ ವರ್ಕರ್ ಅನ್ನು ಎಬ್ಬಿಸಬಲ್ಲದು. ಆದರೆ "ನಾಳೆ ಬೆಳಿಗ್ಗೆ ಏಳಕ್ಕೆ ಮಾಡು" ಎಂದು ಮುಂದಿನ ಹೊತ್ತಿಗೆ ಇಟ್ಟ ಜಾಬ್‌ಗಳು ಸೈಡ್‌ಕಿಕ್‌ನಲ್ಲಿ ಬೇರೆ ಪಟ್ಟಿಯಲ್ಲಿರುತ್ತವೆ. ಹೊತ್ತಾದಾಗ ಅವನ್ನು ಕ್ಯೂವಿಗೆ ತಂದು ಹಾಕುವುದು ಸೈಡ್‌ಕಿಕ್ ಪ್ರಕ್ರಿಯೆಯೇ. ವರ್ಕರ್‌ಗಳೇ ಇಲ್ಲದಿದ್ದರೆ ತರುವವರಿಲ್ಲ. ಕ್ಯೂ ಖಾಲಿಯಾಗಿಯೇ ಕಾಣುತ್ತದೆ. ಆಟೋಸ್ಕೇಲಿಂಗ್ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತದೆ. ಮರುಪ್ರಯತ್ನದ ಪಟ್ಟಿಗೂ ಇದೇ ಮಾತು. ಆದ್ದರಿಂದ ಚುರುಕಿನ ವರ್ಕರ್ ಒಂದು ಸದಾ ಎಚ್ಚರವಾಗಿರಬೇಕು, ಸೊನ್ನೆಗೆ ಇಳಿಯುವ ಹಕ್ಕು ನಿಧಾನದ್ದಕ್ಕೆ ಮಾತ್ರ. ತಿಂಗಳಿಗೆ ಒಂದು ಡೈನೋದ ಬಾಡಿಗೆ ಈ ನೆಮ್ಮದಿಗೆ ದುಬಾರಿಯಲ್ಲ.

ಪರ್ಯಾಯಗಳನ್ನೂ ನೋಡಿದ್ದೇನೆ. ಹೆರೋಕುವಿನಲ್ಲೇ ಹೈರ್‌ಫೈರ್ ಎಂಬ ಹಳೆಯ ಸೇವೆ ಇದೆ, ಅದೂ ವರ್ಕರ್‌ಗಳನ್ನು ಏರಿಸಿ ಇಳಿಸುತ್ತದೆ. ಸರ್ವರ್‌ಗಳ ಗುಂಪನ್ನು ತಾವೇ ನಿರ್ವಹಿಸಲು ಕುಬರ್ನೆಟಿಸ್ ಎಂಬ ವ್ಯವಸ್ಥೆ ಬಳಸುವವರಿಗೆ ಕೇಡಾ ಇದೆ: 2019ರಲ್ಲಿ ಮೈಕ್ರೋಸಾಫ್ಟ್ ಮತ್ತು ರೆಡ್ ಹ್ಯಾಟ್ ಒಟ್ಟಾಗಿ ಆರಂಭಿಸಿದ ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ, ಸೊನ್ನೆಗೆ ಇಳಿಯುವುದೂ ಸೊನ್ನೆಯಿಂದ ಏಳುವುದೂ ಅದಕ್ಕೆ ಸಹಜ. ಆದರೆ ರೆಡಿಸ್ ಪಟ್ಟಿಗಳಿಗೆ ಅದರಲ್ಲಿರುವ ಅಳತೆ ಪಟ್ಟಿಯ ಉದ್ದ. ಕಾಯುವ ಹೊತ್ತು ಬೇಕೆಂದರೆ ಆ ಅಂಕಿಯನ್ನು ನಾವೇ ಪ್ರೊಮಿಥಿಯಸ್ ಎಂಬ, ಅಳತೆಗಳನ್ನು ಕೂಡಿಡುವ ತಂತ್ರಾಂಶಕ್ಕೆ ಕಳಿಸಿ, ಅಲ್ಲಿಂದ ಓದಿಸಬೇಕು. ಪ್ಲಾಟ್‌ಫಾರ್ಮ್ ನೋಡಿಕೊಳ್ಳಲೆಂದೇ ಎಂಜಿನಿಯರ್‌ಗಳಿರುವ ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಅದು ಸರಿಯಾದ ದಾರಿ. ಕೋಡ್ ಬರೆಯುವವರೇ ಗ್ರಾಹಕರ ಫೋನನ್ನೂ ಎತ್ತಬೇಕಾದ ನಮ್ಮಂಥ ತಂಡಕ್ಕೆ ಕುಬರ್ನೆಟಿಸ್ ಹೊರಲಾರದ ಹೊರೆ.

ಹೆರೋಕುವಿನ ಎಪಿಐ ಬಳಸಿ ಡೈನೋ ಏರಿಸುವ ಸ್ಕ್ರಿಪ್ಟನ್ನು ನಾವೇ ಬರೆಯಬಹುದಿತ್ತು ನಿಜ. ಏರಿಸುವುದು ಹತ್ತು ಸಾಲಿನ ಕೆಲಸ. ಅದು ಎಲ್ಲಿ ಓಡಬೇಕು, ಅದು ನಿಂತುಹೋದರೆ ಯಾರು ನೋಡಬೇಕು, ಏರಿ ಇಳಿದು ಏರಿ ಇಳಿದು ತೊಯ್ದಾಡದಂತೆ ಹೇಗೆ ತಡೆಯಬೇಕು, ನಡೆಯುತ್ತಿರುವ ಜಾಬ್‌ಗಳನ್ನು ಹೇಗೆ ಕಾಯಬೇಕು ಎಂಬುದು ಉಳಿದ ಸಾವಿರ ಸಾಲು. ಆ ಸಾವಿರ ಸಾಲಿಗೆ ನಾನು ಸಂತೋಷದಿಂದ ಹಣ ಕೊಡುತ್ತೇನೆ.

ಕೊರತೆಗಳಿಲ್ಲವೆಂದಲ್ಲ. ಡೈನೋಗಳನ್ನು ಏರಿಸುವ ಅಧಿಕಾರವನ್ನು ಮೂರನೆಯವರ ಕೈಗೆ ಕೊಟ್ಟಂತಾಗುತ್ತದೆ. ಅವರ ಸೇವೆ ಯಾವಾಗಲಾದರೂ ನಿಂತರೆ ಡೈನೋಗಳ ಸಂಖ್ಯೆ ಆಗ ಎಷ್ಟಿತ್ತೋ ಅಷ್ಟಕ್ಕೇ ನಿಂತಿರುತ್ತದೆ. ಹಾಗಾಗಿ ಕ್ಯೂವಿನ ಕಾಯುವ ಹೊತ್ತಿಗೆ ಬೇರೆಯದೇ ಎಚ್ಚರಿಕೆಯ ಗಂಟೆ ಇರಬೇಕು, ಜೂಡೋಸ್ಕೇಲ್ ಅನ್ನು ನಂಬದ ಗಂಟೆ. ಅಲ್ಲದೆ ಹೆರೋಕುವಿನ ಸಾಮಾನ್ಯ ಡೈನೋಗಳು ಅಮೆರಿಕ ಮತ್ತು ಯುರೋಪಿನಲ್ಲಿ ಮಾತ್ರ ಸಿಗುತ್ತವೆ. ಮುಂಬೈ ಬೇಕೆಂದರೆ ಪ್ರೈವೇಟ್ ಸ್ಪೇಸ್‌ನ ಬೆಲೆ ತೆರಬೇಕು. ಜಾಬ್‌ಗಳಿಗೆ ಈ ದೂರ ತೊಂದರೆ ಕೊಡುವುದಿಲ್ಲ, ಡೇಟಾಬೇಸ್ ಅದರ ಪಕ್ಕದಲ್ಲೇ ಇದ್ದರೆ ಸಾಕು. ಆದರೆ ಮಕ್ಕಳ ಮಾಹಿತಿ ದೇಶದ ಹೊರಗಿರುವುದನ್ನು ಕೆಲವು ಶಾಲೆಗಳು ಒಪ್ಪುವುದಿಲ್ಲ, ಅವರಿಗೆ ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ದಿನವಿಡೀ ಒಂದೇ ಸಮನೆ ಕೆಲಸವಿರುವ ಅಪ್ಲಿಕೇಶನ್ ನಿಮ್ಮದಾದರೆ ಈ ಸೇವೆಯ ಶುಲ್ಕ ವ್ಯರ್ಥ. ಎರಡು ವರ್ಕರ್‌ಗಳನ್ನು ಸ್ಥಿರವಾಗಿ ಇಟ್ಟುಕೊಳ್ಳಿ. ನಮ್ಮಂತೆ ಒತ್ತಡಕ್ಕೆ ಗಂಟೆಯೂ ಋತುವೂ ಇರುವವರು ಮೊದಲು ಜಾಬ್‌ಗಳನ್ನು ಚಿಕ್ಕದಾಗಿ ಒಡೆಯಿರಿ, ಎರಡು ಬಾರಿ ನಡೆದರೂ ಒಂದೇ ಫಲ ಕೊಡುವಂತೆ ತಿದ್ದಿ, ಕ್ಯೂಗಳಿಗೆ ಹೊತ್ತಿನ ಹೆಸರಿಡಿ, ಡೇಟಾಬೇಸ್‌ನ ಸಂಪರ್ಕ ಎಣಿಸಿ ಗರಿಷ್ಠವನ್ನು ಬರೆದುಕೊಳ್ಳಿ. ಆಡ್‌ಆನ್ ಅನ್ನು ಸೇರಿಸುವುದು ಅದಾದ ಮೇಲೆ. ಅದೂ ಶಾಲೆ ತೆರೆಯುವ ಜೂನ್ ಮೊದಲ ವಾರದಲ್ಲಲ್ಲ, ಮೇ ತಿಂಗಳಿನಲ್ಲಿ, ಹತ್ತು ಸಾವಿರ ಸುಳ್ಳು ಜಾಬ್‌ಗಳನ್ನು ಕ್ಯೂವಿಗೆ ಸುರಿದು ಡೈನೋಗಳು ಏರುವುದನ್ನೂ ಇಳಿಯುವುದನ್ನೂ ಕಣ್ಣಾರೆ ನೋಡಲು ಬಿಡುವಿರುವಾಗ.